ಪೊರೆಯ ಶಸ್ತ್ರಚಿಕಿತ್ಸೆ: ಲೆನ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ, 'ವಿಸ್ಕೋ' ಬಗ್ಗೆ ಯಾರೂ ಕೇಳುವುದಿಲ್ಲ

ಹುಬ್ಬಳ್ಳಿ-ಧಾರವಾಡದ ಕಣ್ಣಾಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆಗೆ ಹೆಸರು ಬರೆಸುವಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಯಾವ ಲೆನ್ಸ್ ಹಾಕ್ತೀರಿ, ಎಷ್ಟ ಆಕ್ಕೈತ್ರಿ?" ದೇಶಿಯೋ ವಿದೇಶಿಯೋ, ಮಡಿಚಿ ಒಳಸೇರಿಸುವಂಥದ್ದೋ ಅಲ್ಲವೋ ಎಂದು ಮಾತು ಅಲ್ಲಿಂದ ಮುಂದುವರಿಯುತ್ತದೆ. ಲೆನ್ಸ್ ಜೀವನಪೂರ್ತಿ ಕಣ್ಣಿನೊಳಗೆ ಇರುವ ವಸ್ತು, ಅದರ ಹೆಸರು ಮತ್ತು ಸಂಖ್ಯೆ ಇರುವ ಚೀಟಿ ಕೈಗೆ ಸಿಗುತ್ತದೆ; ಆದ್ದರಿಂದ ಈ ಕಾಳಜಿ ಸಹಜವೇ. ಆದರೆ ಅದೇ ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ವಸ್ತು ಕಣ್ಣಿನೊಳಗೆ ಹೋಗಿ, ಕೆಲಸ ಮುಗಿಸಿ, ಹೊಲಿಗೆ ಅಥವಾ ಪಟ್ಟಿಯ ಹೊತ್ತಿಗೆ ಹೊರಗೆ ಬಂದಿರುತ್ತದೆ. ಸಣ್ಣ ಸಿರಿಂಜಿನಲ್ಲಿ ಬರುವ, ನೀರಿನಷ್ಟೇ ತಿಳಿಯಾದ, ಆದರೆ ನೀರಿಗಿಂತ ಬಹಳ ಮಂದವಾದ ಈ ಜೆಲ್ಲನ್ನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಎಲ್ಲರೂ 'ವಿಸ್ಕೋ' ಎನ್ನುತ್ತಾರೆ. ಪೂರ್ತಿ ಹೆಸರು ವಿಸ್ಕೋಎಲಾಸ್ಟಿಕ್. ಹೊಲದ ಕೆಲಸ ಮುಗಿಸಿ ತಡವಾಗಿ ಬರುವ, ಗಟ್ಟಿಯಾಗಿ ಬಲಿತ ಪೊರೆಗಳೇ ಹೆಚ್ಚಾಗಿರುವ ಗದಗ, ಹಾವೇರಿಯಂಥ ಜಿಲ್ಲೆಗಳಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಕಣ್ಣು ತಿಳಿಯಾಗಿ ಉಳಿಯುತ್ತದೆಯೇ ಎಂಬುದರಲ್ಲಿ ಲೆನ್ಸಿನ ಬೆಲೆಗಿಂತ ಈ ಜೆಲ್ಲಿನ ಆಯ್ಕೆ, ಗುಣಮಟ್ಟ ಮತ್ತು ಬಳಕೆಯ ಶಿಸ್ತಿನ ಪಾಲು ದೊಡ್ಡದು ಎಂಬುದು ಈ ಲೇಖನದ ವಾದ.

ಜೆಲ್ ಕಾಪಾಡುವುದು ಏನನ್ನು ಎಂಬುದು ಮೊದಲು ತಿಳಿಯಬೇಕು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಒಳಮೈಗೆ ಎಂಡೋಥೀಲಿಯಂ ಎಂಬ ಒಂದೇ ಒಂದು ಸಾಲು ಜೀವಕೋಶಗಳ ಪದರ ಅಂಟಿಕೊಂಡಿದೆ. ಅದರ ದಪ್ಪ ಸುಮಾರು 5 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗ. ಸ್ಪೆಕ್ಯುಲರ್ ಮೈಕ್ರೋಸ್ಕೋಪ್ ಎಂಬ ಉಪಕರಣದಲ್ಲಿ ನೋಡಿದರೆ ಜೇನುಗೂಡಿನ ಕೋಣೆಗಳಂತೆ ಆರು ಮೂಲೆಯ ಕೋಶಗಳು ಒಂದಕ್ಕೊಂದು ತಾಗಿಕೊಂಡು ಕಾಣುತ್ತವೆ. ಕಾರ್ನಿಯಾದೊಳಕ್ಕೆ ಸದಾ ಒಸರುವ ನೀರನ್ನು ಹೊರಕ್ಕೆ ದಬ್ಬುವುದು ಇವುಗಳ ಕೆಲಸ. ಆ ಕೆಲಸ ನಿಂತರೆ ಕಾರ್ನಿಯಾ ನೀರು ಕುಡಿದು ಊದಿ ಮಬ್ಬಾಗುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಒಂದು ಚದರ ಮಿಲಿಮೀಟರಿಗೆ 2,500ರಿಂದ 3,000ದಷ್ಟು ಕೋಶಗಳಿರುತ್ತವೆ, ವಯಸ್ಸಾಗುತ್ತ ವರ್ಷಕ್ಕೆ ಸುಮಾರು ಶೇ. 0.6ರಷ್ಟು ಕಡಿಮೆಯಾಗುತ್ತವೆ. ಮನುಷ್ಯರಲ್ಲಿ ಇವು ಸತ್ತರೆ ಹೊಸ ಕೋಶಗಳು ಹುಟ್ಟಿ ಆ ಜಾಗ ತುಂಬುವುದಿಲ್ಲ. ಪಕ್ಕದ ಕೋಶಗಳೇ ಹಿಗ್ಗಿ ಖಾಲಿ ಜಾಗವನ್ನು ಮುಚ್ಚುತ್ತವೆ. ಸಂಖ್ಯೆ 500ರ ಆಸುಪಾಸಿಗೆ ಇಳಿದಾಗ ಹಿಗ್ಗಿದ ಕೋಶಗಳಿಂದಲೂ ಕೆಲಸ ಸಾಗುವುದಿಲ್ಲ. ಕಾರ್ನಿಯಾದ ಮೇಲೆ ನೀರ್ಗುಳ್ಳೆಗಳೆದ್ದು, ಅವು ಒಡೆದಾಗಲೆಲ್ಲ ಕಣ್ಣಲ್ಲಿ ಮುಳ್ಳಾಡಿಸಿದಷ್ಟು ನೋವಾಗುತ್ತದೆ.

ಸರಾಗವಾಗಿ ನಡೆದ ಪೊರೆಯ ಶಸ್ತ್ರಚಿಕಿತ್ಸೆಯಲ್ಲೂ ಈ ಕೋಶಗಳಲ್ಲಿ ಸಾಮಾನ್ಯವಾಗಿ ಶೇ. 5ರಿಂದ 15ರಷ್ಟು ನಷ್ಟವಾಗುತ್ತವೆ. 2,600 ಕೋಶಗಳಿದ್ದವರಿಗೆ ಇದು ಲೆಕ್ಕಕ್ಕೇ ಬಾರದ ನಷ್ಟ. ಮೊದಲೇ 900ಕ್ಕೆ ಇಳಿದಿರುವ ಕಣ್ಣಿಗೆ, ಅದರಲ್ಲೂ ಗಟ್ಟಿಯಾದ ಪೊರೆಯನ್ನು ತೆಗೆಯಲು ಹೆಣಗಬೇಕಾದಾಗ, ದೃಷ್ಟಿ ಉಳಿಯುವುದೋ ಹೋಗುವುದೋ ಎಂಬುದು ಇದೇ ನಷ್ಟದ ಮೇಲೆ ನಿಂತಿರುತ್ತದೆ.

ಹಿಂದೆ ಈ ಜೆಲ್ ಇರಲೇ ಇಲ್ಲ. ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರ ನಡೆಸಿ ಲಕ್ಷಾಂತರ ಜನರ ಪೊರೆ ತೆಗೆದ ಕಾಲದಲ್ಲಿ, ದೊಡ್ಡ ಗಾಯ ಮಾಡಿ ಮಸೂರವನ್ನು ಅದರ ಚೀಲದ ಸಮೇತ ಹೊರಗೆ ತೆಗೆಯುವುದೇ ವಾಡಿಕೆಯ ವಿಧಾನವಾಗಿತ್ತು. ಕಣ್ಣಿನೊಳಗೆ ಉಪಕರಣಗಳು ಓಡಾಡುವ ಹೊತ್ತು ಕಡಿಮೆ, ಒಳಗೆ ಕೂರಿಸಬೇಕಾದ ವಸ್ತುವೂ ಇಲ್ಲ. ರೋಗಿಗೆ ಆಮೇಲೆ ದಪ್ಪ ಗಾಜಿನ ಕನ್ನಡಕ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲ ಕೃತಕ ಮಸೂರವನ್ನು ಕಣ್ಣಿಗೆ ಅಳವಡಿಸಿದ್ದರೂ ಅದು ಎಲ್ಲೆಡೆ ಒಪ್ಪಿಗೆಯಾಗಲು ಮೂರು ದಶಕಗಳೇ ಹಿಡಿದವು. ಆ ವಿಳಂಬಕ್ಕೆ ಹಲವು ಕಾರಣಗಳಿದ್ದವು. ಅವುಗಳಲ್ಲಿ ಒಂದು ಇದೇ ಎಂಡೋಥೀಲಿಯಂ. ಆಗಿನ ಮಸೂರಗಳು ಅಕ್ರಿಲಿಕ್ ಪ್ಲಾಸ್ಟಿಕ್‌ನವು. ಒಳಗೆ ಕೂರಿಸುವಾಗ ಮಸೂರ ಕಾರ್ನಿಯಾದ ಒಳಮೈಗೆ ಒಂದು ಕ್ಷಣ ತಾಗಿದರೂ ಸಾಕು, ಕೋಶಗಳು ಅದಕ್ಕೆ ಅಂಟಿಕೊಂಡು ಕಿತ್ತುಬರುತ್ತವೆ ಎಂಬುದು 1970ರ ದಶಕದ ಪ್ರಯೋಗಗಳಲ್ಲಿ ಸ್ಪಷ್ಟವಾಯಿತು. ಮಸೂರಕ್ಕೂ ಕೋಶಕ್ಕೂ ನಡುವೆ ಏನಾದರೂ ಇರಬೇಕು, ಅದು ಕಣ್ಣಿಗೆ ಹೊಂದಬೇಕು, ಒತ್ತಿದರೂ ಜಾಗ ಬಿಡಬಾರದು, ಬೇಕೆಂದಾಗ ಹೊರಗೆ ಬರಬೇಕು.

ಉತ್ತರ ಸಿಕ್ಕಿದ್ದು ಕಣ್ಣಿನದೇ ಒಂದು ದ್ರವ್ಯದಲ್ಲಿ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನ ಹಿಂಭಾಗದ ಲೋಳೆಯಿಂದ ಹಯಲುರೋನಿಕ್ ಆಮ್ಲವನ್ನು ಬೇರ್ಪಡಿಸಿದ್ದರು. ಹಂಗೇರಿ ಮೂಲದ ವಿಜ್ಞಾನಿ ಎಂಡ್ರೆ ಬಲಾಜ್ ಅದನ್ನು ಹುಂಜದ ಜುಟ್ಟಿನಿಂದ ತೆಗೆದು, ಉರಿಯೂತ ಉಂಟುಮಾಡುವ ಕಲ್ಮಶಗಳನ್ನು ಬಿಡಿಸಿ ಶುದ್ಧಗೊಳಿಸುವ ವಿಧಾನ ರೂಪಿಸಿದರು. ಅಮೆರಿಕದ ಡೇವಿಡ್ ಮಿಲ್ಲರ್ ಮತ್ತು ದಕ್ಷಿಣ ಆಫ್ರಿಕಾದ ರಾಬರ್ಟ್ ಸ್ಟೆಗ್‌ಮನ್ ಅದನ್ನು ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಬಳಸಿ ನೋಡಿದರು. 1980ರ ಹೊತ್ತಿಗೆ 'ಹೀಲಾನ್' ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಸುಮಾರು ಅದೇ ಕಾಲದಲ್ಲಿ ಯುರೋಪಿನ ಕೆಲವು ವೈದ್ಯರು ಸಸ್ಯದ ನಾರಿನಿಂದ ತಯಾರಾಗುವ ಮೀಥೈಲ್ ಸೆಲ್ಯುಲೋಸ್ ಬಳಕೆಗೆ ತಂದರು. ಇಂದು ನಮ್ಮ ದೇಶದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಆ ಎರಡನೆಯ ಕುಲದ್ದೇ: ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್, ಚಿಕ್ಕದಾಗಿ ಎಚ್‌ಪಿಎಂಸಿ, ಶೇ. 2ರ ದ್ರಾವಣ. ಮದುರೈನ ಅರೊಲ್ಯಾಬ್ 1992ರಿಂದ ಕಡಿಮೆ ದರದ ಮಸೂರ ತಯಾರಿಸಲು ತೊಡಗಿದ ಮೇಲೆ ಬಡವರಿಗೂ ಮಸೂರ ಎಟುಕಿತು ಎಂಬ ಮಾತು ಸರಿ. ಜೊತೆಯಲ್ಲೇ ಅಗ್ಗದ ಎಚ್‌ಪಿಎಂಸಿ ದೊರೆಯದಿದ್ದರೆ ಆ ಮಸೂರಗಳನ್ನು ಅಷ್ಟು ಸುರಕ್ಷಿತವಾಗಿ ಕೂರಿಸಲು ಆಗುತ್ತಿರಲಿಲ್ಲ ಎಂಬುದನ್ನೂ ಸೇರಿಸಬೇಕು.

ಈ ಜೆಲ್ಲುಗಳ ವಿಶೇಷ ಇರುವುದು ಅವುಗಳ ನಡತೆಯಲ್ಲಿ. ಸುಮ್ಮನಿದ್ದಾಗ ಬಹಳ ಮಂದವಾಗಿದ್ದು, ಸೂಜಿಯಷ್ಟು ಸಣ್ಣ ಕೊಳವೆಯಲ್ಲಿ ವೇಗವಾಗಿ ದೂಡಿದಾಗ ತೆಳುವಾಗಿ ಹರಿಯುತ್ತವೆ, ಒಳಗೆ ಸೇರಿದೊಡನೆ ಮತ್ತೆ ಮಂದವಾಗುತ್ತವೆ. ಹೊರಗಿನ ಗುದ್ದನ್ನೂ ಕಂಪನವನ್ನೂ ತಮ್ಮಲ್ಲೇ ಹೀರಿಕೊಂಡು ಮೊದಲಿನ ರೂಪಕ್ಕೆ ಮರಳುತ್ತವೆ. ಈ ಗುಣಗಳ ಪ್ರಮಾಣ ಮಾತ್ರ ಎಲ್ಲದರಲ್ಲೂ ಒಂದೇ ಅಲ್ಲ. ಉದ್ದನೆಯ ಅಣುಸರಪಳಿಗಳುಳ್ಳ ಹಯಲುರೋನೇಟ್ (ಹಯಲುರೋನಿಕ್ ಆಮ್ಲದ ಲವಣ) ಜೆಲ್ಲುಗಳು ಒಂದಕ್ಕೊಂದು ಹೆಣೆದುಕೊಂಡು ಒಟ್ಟಾಗಿ ನಿಲ್ಲುತ್ತವೆ. ಕಣ್ಣಿನ ಮುಂಕೋಣೆಯನ್ನು, ಅಂದರೆ ಕಾರ್ನಿಯಾದ ಹಿಂದಿನ ನೀರು ತುಂಬಿದ ಜಾಗವನ್ನು, ಚೆನ್ನಾಗಿ ಉಬ್ಬಿಸಿ ಹಿಡಿಯುತ್ತವೆ, ಕೊನೆಯಲ್ಲಿ ಒಂದೇ ಮುದ್ದೆಯಾಗಿ ಸಲೀಸಾಗಿ ಹೊರಬರುತ್ತವೆ. ಆದರೆ ಪೊರೆಯನ್ನು ಅಲ್ಟ್ರಾಸೌಂಡಿನಿಂದ ಪುಡಿಮಾಡಿ ಹೀರುವ ಫೇಕೊ ಯಂತ್ರದ ಹೀರುವಿಕೆ ಶುರುವಾದ ಕೂಡಲೇ ಅದೇ ಗುಣದಿಂದಾಗಿ ಇಡಿಯಾಗಿ ಹೊರಟುಹೋಗಿ ಕಾರ್ನಿಯಾವನ್ನು ಬರಿದಾಗಿ ಬಿಡುವುದೂ ಉಂಟು. ಚಿಕ್ಕ ಅಣುಗಳ ಜೆಲ್ಲುಗಳು, ಅಂದರೆ ಎಚ್‌ಪಿಎಂಸಿ ಮತ್ತು ಕಾಂಡ್ರಾಯ್ಟಿನ್ ಸಲ್ಫೇಟ್ ಬೆರೆಸಿದ ಜೆಲ್ಲುಗಳು, ಹರಡಿಕೊಂಡು ಒಳಮೈಗೆ ಲೇಪದಂತೆ ಅಂಟಿರುತ್ತವೆ. ಕೋಶಗಳನ್ನು ಹೊದಿಸುವುದರಲ್ಲಿ ಇವು ಮುಂದು, ಪೂರ್ತಿ ತೊಳೆದು ತೆಗೆಯುವುದು ಮಾತ್ರ ಕಷ್ಟ. ಕೆನಡಾದ ಸ್ಟೀವ್ ಅರ್ಶಿನಾಫ್ 1999ರಲ್ಲಿ ಪ್ರಕಟಿಸಿದ ತಂತ್ರ ಈ ಎರಡರ ಗುಣವನ್ನೂ ಒಂದುಗೂಡಿಸುತ್ತದೆ: ಮೊದಲು ಹರಡುವ ಜೆಲ್ ಹಾಕಿ, ಅದರ ಕೆಳಗೆ ಒಟ್ಟಾಗಿ ನಿಲ್ಲುವ ಜೆಲ್ ತುಂಬಿದರೆ, ಎರಡನೆಯದು ಮೊದಲನೆಯದನ್ನು ಮೇಲಕ್ಕೊತ್ತಿ ಕಾರ್ನಿಯಾದ ಒಳಮೈಗೆ ಹಾಸಿಬಿಡುತ್ತದೆ.

ಪುಸ್ತಕದ ಈ ವಿಂಗಡಣೆ ನಮ್ಮ ಕಡೆಯ ಕಣ್ಣುಗಳಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಒಂದು ಸಾಮಾನ್ಯ ಸನ್ನಿವೇಶವನ್ನು ಹತ್ತಿರದಿಂದ ನೋಡಬಹುದು. ರೋಣ ಅಥವಾ ಹಿರೇಕೆರೂರು ಕಡೆಯ ಎಪ್ಪತ್ತರ ಹರೆಯದ ರೈತನೊಬ್ಬ ಸುಗ್ಗಿ ಮುಗಿಯಲಿ, ಮೊಮ್ಮಗಳ ಮದುವೆ ಆಗಲಿ ಎಂದು ಮುಂದೂಡುತ್ತ ಬಂದು ಕೊನೆಗೆ ಶಿಬಿರಕ್ಕೆ ಬಂದಾಗ, ಪೊರೆ ಬಿಳಿಯಿಂದ ಕಂದಿಗೆ ತಿರುಗಿ ಕಲ್ಲಿನಂತಾಗಿರುತ್ತದೆ. ಇಂಥ ಪೊರೆಯನ್ನು ಫೇಕೊದ ಅಲ್ಟ್ರಾಸೌಂಡ್‌ನಿಂದ ಪುಡಿಮಾಡಲು ಹೆಚ್ಚು ಶಕ್ತಿ ಹರಿಸಬೇಕಾಗುತ್ತದೆ. ಆ ಕಂಪನ, ಶಾಖ, ಸಿಡಿಯುವ ಚೂರುಗಳು ಎಲ್ಲವೂ ಎಂಡೋಥೀಲಿಯಂಗೆ ಪೆಟ್ಟೇ. ಆದ್ದರಿಂದ ಅನೇಕ ಶಸ್ತ್ರವೈದ್ಯರು ಇಲ್ಲಿ ಎಸ್‌ಐಸಿಎಸ್ ಎನ್ನುವ, ಹೊಲಿಗೆಯಿಲ್ಲದ ಸುರಂಗದಂಥ ಗಾಯದ ವಿಧಾನವನ್ನು ಆರಿಸುತ್ತಾರೆ. ಬಿಳಿಗುಡ್ಡೆಯಿಂದ ಓರೆಯಾಗಿ ಆರೇಳು ಮಿಲಿಮೀಟರ್ ಅಗಲದ ದಾರಿ ಮಾಡಿ, ಮೊದಲು ಜೆಲ್ ತುಂಬುತ್ತಾರೆ. ಅದರ ಒತ್ತಡಕ್ಕೆ ಮಸೂರದ ಚೀಲದ ಮುಂಪದರ ಚಪ್ಪಟೆಯಾಗಿ ನಿಲ್ಲುವುದರಿಂದ, ಅದರಲ್ಲಿ ದುಂಡಗೆ ರಂಧ್ರ ಹರಿಯುವಾಗ ಸೀಳು ಅಂಚಿನತ್ತ ಓಡಿಹೋಗುವುದಿಲ್ಲ. ಬಳಿಕ ಗಟ್ಟಿ ತಿರುಳನ್ನು ಚೀಲದಿಂದ ಮೇಲಕ್ಕೆ ಹೊರಳಿಸಿ ಮುಂಕೋಣೆಗೆ ತರುತ್ತಾರೆ. ಶಸ್ತ್ರಚಿಕಿತ್ಸೆಯ ಅತ್ಯಂತ ನಾಜೂಕಿನ ಘಟ್ಟ ಇದೇ. ಮೂರು ಮಿಲಿಮೀಟರ್ ಆಳದ ಆ ಕೋಣೆಯಲ್ಲಿ ಈಗ ಅದರ ಆಳಕ್ಕಿಂತ ಸ್ವಲ್ಪವೇ ತೆಳುವಾದ ಗಟ್ಟಿ ತಿರುಳು ನಿಂತಿದೆ. ಮೇಲೆ ಕಾರ್ನಿಯಾ, ಕೆಳಗೆ ಕೇವಲ ನಾಲ್ಕು ಮೈಕ್ರಾನಿನಷ್ಟು ತೆಳುವಾದ, ಚೀಲದ ಹಿಂಪದರ. ವೈದ್ಯರು ಕೊಳವೆಯ ತುದಿಯನ್ನು ತಿರುಳಿನ ಮೇಲೆ ತಂದು ಒಂದಿಷ್ಟು, ಅದರ ಕೆಳಗೆ ಹೊಗಿಸಿ ಒಂದಿಷ್ಟು ಜೆಲ್ ಬಿಡುತ್ತಾರೆ. ತಿರುಳು ಈಗ ಎರಡೂ ಕಡೆಯಿಂದ ಜೆಲ್ಲಿನಲ್ಲಿ ತೇಲುತ್ತದೆ. ಆಮೇಲೆಯೇ ಅದನ್ನು ಸುರಂಗದತ್ತ ಜಾರಿಸುವುದು. ಮೇಲಿನ ಜೆಲ್ ಕಡಿಮೆಯಾದರೆ ತಿರುಳು ಕಾರ್ನಿಯಾವನ್ನು ಉಜ್ಜಿಕೊಂಡೇ ಹೊರಬರುತ್ತದೆ. ಮರುದಿನ ಪಟ್ಟಿ ಬಿಚ್ಚಿದಾಗ ಕಣ್ಣು ಮಂಜಾಗಿ ಕಾಣುವುದಕ್ಕೆ ಎಷ್ಟೋ ಸಲ ಈ ಕೆಲವು ಸೆಕೆಂಡುಗಳೇ ಕಾರಣ.

ಹಾಗಾದರೆ ಅಗ್ಗದ ಎಚ್‌ಪಿಎಂಸಿ ಸಾಕೇ, ದುಬಾರಿ ಹಯಲುರೋನೇಟ್ ಬೇಕೇ? ದುಬಾರಿಯಾದದ್ದೇ ಒಳ್ಳೆಯದು ಎಂಬ ಲೆನ್ಸಿನ ತರ್ಕವನ್ನು ಇಲ್ಲಿಗೂ ತರುವುದು ತಪ್ಪು. ಮೇಲೆ ಹೇಳಿದ ಕೈವಿಧಾನದಲ್ಲಿ, ಅನುಭವಿ ಕೈಗಳಲ್ಲಿ, ಶೇ. 2ರ ಎಚ್‌ಪಿಎಂಸಿ ಬಹುಪಾಲು ಕಣ್ಣುಗಳಿಗೆ ಸಾಕಾಗುತ್ತದೆ; ಅದು ಚೆನ್ನಾಗಿ ಲೇಪಿಸಿಕೊಳ್ಳುತ್ತದೆ, ಬಿಸಿ ಉಗಿಯಿಂದ ಸೂಕ್ಷ್ಮಾಣು ಕೊಲ್ಲುವ ಯಂತ್ರವಾದ ಆಟೊಕ್ಲೇವ್‌ನ ಶಾಖ ತಡೆಯುತ್ತದೆ, ಸಾಮಾನ್ಯ ಕೋಣೆಯ ತಾಪಮಾನದಲ್ಲಿ ಇಡಬಹುದು. ಹಯಲುರೋನೇಟ್ ಜೆಲ್ಲುಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಿಸಬೇಕು. ಏಪ್ರಿಲ್ ತಿಂಗಳ ಗದಗಿನ ಬಿಸಿಲಿನಲ್ಲಿ, ಕರೆಂಟು ಹೋಗಿಬರುವ ಕಡೆ, ತಂಪಿನ ಸರಪಳಿ ಕಡಿದ ದುಬಾರಿ ಜೆಲ್ಲಿಗಿಂತ ಸರಿಯಾಗಿ ಇಟ್ಟ ಅಗ್ಗದ ಜೆಲ್ ಮೇಲು. ಆದರೆ ಕೋಶಗಳ ಸಂಖ್ಯೆ ಕಡಿಮೆಯಿರುವವರು, ದೀರ್ಘಕಾಲದ ಮಧುಮೇಹಿಗಳು, ಹಿಂದೊಮ್ಮೆ ಕಣ್ಣಿಗೆ ಪೆಟ್ಟು ಬಿದ್ದವರು, ಮುಂಕೋಣೆ ಆಳವಿಲ್ಲದವರು, ಫೇಕೊದಲ್ಲೇ ತೆಗೆಯಬೇಕಾದ ಗಟ್ಟಿ ಪೊರೆಯವರು, ಇಂಥವರಿಗೆ ಎಚ್‌ಪಿಎಂಸಿ ಒಂದನ್ನೇ ನೆಚ್ಚಿಕೊಳ್ಳುವುದು ಜಾಣತನವಲ್ಲ. ಎಲ್ಲರಿಗೂ ಒಂದೇ ದರದ ಪ್ಯಾಕೇಜ್ ಎಂಬ ವ್ಯವಸ್ಥೆಯ ದೋಷ ಇಲ್ಲೇ ಇದೆ. ಹತ್ತು ಕಣ್ಣಿಗೆ ಒಂದು ಕಣ್ಣಿಗಾದರೂ ಬೇರೆ ಜೆಲ್ ಬೇಕಾದಾಗ ಅದರ ಖರ್ಚು ಎಲ್ಲಿಂದ ಬರಬೇಕು ಎಂಬುದಕ್ಕೆ ಆ ವ್ಯವಸ್ಥೆಯಲ್ಲಿ ಉತ್ತರವಿಲ್ಲ, ಹಾಗಾಗಿ ವೈದ್ಯರು ಇರುವುದರಲ್ಲೇ ನಿಭಾಯಿಸುತ್ತಾರೆ.

ಜೆಲ್ ಹಾಕುವಷ್ಟೇ ಶ್ರದ್ಧೆಯಿಂದ ಅದನ್ನು ತೆಗೆಯಬೇಕು. ಕಣ್ಣಿನೊಳಗಿನ ನೀರು ಸೋಸಿ ಹೋಗುವ ಸೂಕ್ಷ್ಮ ಜಾಲರಿಯಲ್ಲಿ ಉಳಿದ ಜೆಲ್ ಸಿಕ್ಕಿಕೊಂಡರೆ ಕಣ್ಣಿನ ಒತ್ತಡ ಏರುತ್ತದೆ. ಸಾಮಾನ್ಯವಾಗಿ 10ರಿಂದ 21 ಎಂಎಂ ಪಾದರಸದಷ್ಟು ಇರಬೇಕಾದದ್ದು 30 ದಾಟುವುದೂ ಉಂಟು. ಈ ಏರಿಕೆ ಮೊದಲ ಇಪ್ಪತ್ತನಾಲ್ಕು ಗಂಟೆಯೊಳಗೇ ಆಗುವುದರಿಂದ, ಅದೇ ಸಂಜೆ ರೋಗಿಯನ್ನು ಬಸ್ಸು ಹತ್ತಿಸಿ ಕಳಿಸುವ ಶಿಬಿರಗಳ ಬಗ್ಗೆ ನನಗೆ ತಕರಾರಿದೆ. ರಾತ್ರಿ ತಲೆಸಿಡಿತ, ವಾಂತಿ ಶುರುವಾದರೆ ಹಳ್ಳಿಯಲ್ಲಿ ಅದನ್ನು ಪಿತ್ತ ಎಂದೇ ತಿಳಿಯುತ್ತಾರೆ. ಮೊದಲೇ ಗ್ಲಾಕೋಮಾ ಇರುವವರ ಕಣ್ಣಿನ ನರಕ್ಕೆ ಈ ಒಂದು ರಾತ್ರಿಯ ಒತ್ತಡವೂ ಹಾನಿ ಮಾಡಬಲ್ಲದು. ಮಸೂರದ ಹಿಂದೆ ಅಡಗಿದ ಜೆಲ್ಲನ್ನೂ ಹೀರಿ ತೆಗೆಯುವುದಕ್ಕೆ ಹಿಡಿಯುವುದು ಒಂದೆರಡು ನಿಮಿಷ. ಸಾಲಿನಲ್ಲಿ ಇನ್ನೂ ಮೂವತ್ತು ರೋಗಿಗಳು ಕಾದಿರುವಾಗ ಮೊದಲು ಕತ್ತರಿ ಬೀಳುವುದು ಈ ಎರಡು ನಿಮಿಷಕ್ಕೆ.

ಇನ್ನು ಗುಣಮಟ್ಟದ ಮಾತು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ 2019ರ ಜುಲೈನಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಲವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡಾಗ, ತನಿಖೆ ತಿರುಗಿದ್ದು ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ವಿಸ್ಕೋಎಲಾಸ್ಟಿಕ್ ಜೆಲ್ಲಿನ ಕಡೆಗೇ. ಆ ಪ್ರಕರಣ ಮುಂದೆ ವೈದ್ಯರ ಮೇಲಿನ ಹಲ್ಲೆ, ರಾಜ್ಯವ್ಯಾಪಿ ಮುಷ್ಕರ ಎಂದು ಬೇರೆ ದಾರಿ ಹಿಡಿಯಿತು; ಜೆಲ್ಲಿನ ಪ್ರಶ್ನೆ ಸುದ್ದಿಯಿಂದ ಮರೆಯಾಯಿತು. ಅದು ಮರೆಯಾಗಬಾರದಿತ್ತು. ಲಸಿಕೆ ಅಥವಾ ಮಾತ್ರೆಯಲ್ಲಿ ದೋಷವಿದ್ದರೆ ಅದನ್ನು ಎದುರಿಸಲು ದೇಹಕ್ಕೆ ಹಲವು ತಡೆಗಳಿವೆ. ಈ ಜೆಲ್ ಆ ತಡೆಗಳನ್ನೆಲ್ಲ ದಾಟಿ ನೇರವಾಗಿ ಕಣ್ಣಿನೊಳಕ್ಕೇ ಹೋಗುತ್ತದೆ.

ಸೂಕ್ಷ್ಮಾಣು ಇಲ್ಲದಿದ್ದರೂ ಅಪಾಯ ಇಲ್ಲವೆಂದಲ್ಲ. ಆಟೊಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ಸತ್ತ ಬ್ಯಾಕ್ಟೀರಿಯಾದ ಗೋಡೆಯಿಂದ ಉಳಿಯುವ ಎಂಡೋಟಾಕ್ಸಿನ್ ಎಂಬ ವಿಷವನ್ನು ನಾಶಮಾಡುವುದಿಲ್ಲ. ಅಂಥ ಜೆಲ್ 'ಸ್ಟೆರೈಲ್' ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೂ ಕಣ್ಣನ್ನು ಕೆಡಿಸಬಲ್ಲದು. ಇದರಿಂದಾಗುವ ಟಾಸ್ ಎಂಬ ಉರಿಯೂತ ಹನ್ನೆರಡರಿಂದ ನಲವತ್ತೆಂಟು ಗಂಟೆಯೊಳಗೆ ಕಾಣಿಸಿಕೊಂಡು, ಕಾರ್ನಿಯಾವನ್ನು ಒಂದಂಚಿನಿಂದ ಇನ್ನೊಂದಂಚಿನವರೆಗೆ ಊದಿಸುತ್ತದೆ. ಕೋಶಗಳನ್ನು ಕಾಪಾಡಬೇಕಾದ ಜೆಲ್ಲೇ ಕೋಶಗಳನ್ನು ಕೊಲ್ಲುವ ಸ್ಥಿತಿ. ಮರುಬಳಕೆಯ ಲೋಹದ ಕೊಳವೆಗಳಲ್ಲಿ ಹಿಂದಿನ ರೋಗಿಗೆ ಬಳಸಿದ ಜೆಲ್ ಒಣಗಿ ಅಂಟಿಕೊಂಡಿದ್ದು, ಮುಂದಿನ ರೋಗಿಯ ಕಣ್ಣಿಗೆ ಇಳಿಯುವುದೂ ಇದಕ್ಕೆ ಗೊತ್ತಿರುವ ಕಾರಣಗಳಲ್ಲಿ ಒಂದು. ಬಳಸಿದ ಕೂಡಲೇ ಕೊಳವೆಯೊಳಗೆ ಶುದ್ಧ ನೀರು ಹಾಯಿಸಬೇಕು, ಸಾಧ್ಯವಿದ್ದರೆ ಒಮ್ಮೆ ಬಳಸಿ ಎಸೆಯುವ ಕೊಳವೆಯನ್ನೇ ಇಡಬೇಕು. ಉಳಿತಾಯದ ಹೆಸರಿನಲ್ಲಿ ಒಂದು ಸಿರಿಂಜಿನ ಜೆಲ್ಲನ್ನು ಇಬ್ಬರಿಗೆ ಹಂಚುವುದಂತೂ ಯಾವ ಲೆಕ್ಕದಲ್ಲೂ ಒಪ್ಪುವಂಥದ್ದಲ್ಲ.

ತಯಾರಿಕೆಗೆ ಐಎಸ್ಒ 15798 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, ದೇಶದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯೂ ಇದೆ. ಕೊರತೆ ಇರುವುದು ಸರಕು ಆಸ್ಪತ್ರೆಯ ಉಗ್ರಾಣ ಸೇರಿದ ಮೇಲೆ. ಸ್ಟೆರಿಲಿಟಿ ಪರೀಕ್ಷೆಯಲ್ಲಿ ಮಾದರಿಯನ್ನು 14 ದಿನ ಕಾವಿನಲ್ಲಿಟ್ಟು ನೋಡಬೇಕಾಗುತ್ತದೆ. ಕಡಿಮೆ ದರಕ್ಕೆ ಟೆಂಡರ್ ಕೊಟ್ಟು, ಬಂದ ಸರಕನ್ನು ಮರುವಾರವೇ ಶಿಬಿರಕ್ಕೆ ಒಯ್ಯುವಲ್ಲಿ ತಯಾರಕರ ಪ್ರಮಾಣಪತ್ರವನ್ನು ನಂಬುವುದಲ್ಲದೆ ಬೇರೆ ದಾರಿಯಿರುವುದಿಲ್ಲ. ಆದ್ದರಿಂದ ಪ್ರತಿ ರೋಗಿಯ ಕಡತದಲ್ಲಿ ಲೆನ್ಸಿನ ಚೀಟಿಯ ಪಕ್ಕದಲ್ಲೇ ಜೆಲ್ಲಿನ ಬ್ಯಾಚ್ ಸಂಖ್ಯೆಯ ಚೀಟಿಯನ್ನೂ ಅಂಟಿಸಬೇಕು. ಇದಕ್ಕೆ ಹಣ ಬೇಕಿಲ್ಲ. ಒಂದೇ ದಿನ ಇಬ್ಬರ ಕಣ್ಣು ಮಂಜಾದರೂ ಉಳಿದ ಸಿರಿಂಜುಗಳನ್ನು ಆ ಕ್ಷಣವೇ ಪಕ್ಕಕ್ಕಿಟ್ಟು, ಅದೇ ಬ್ಯಾಚ್ ಹೋಗಿರುವ ಇತರ ಆಸ್ಪತ್ರೆಗಳಿಗೆ ಫೋನ್ ಮಾಡಲು ಅದು ದಾರಿ ಮಾಡುತ್ತದೆ.

ಇಷ್ಟೆಲ್ಲ ಎಚ್ಚರ ಯಾಕೆ ಎಂಬುದಕ್ಕೆ ದೇಶದ ಅಂಕಿಅಂಶವೇ ಇದೆ. 2015-19ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ ಐವತ್ತು ದಾಟಿದವರ ಅಂಧತ್ವಕ್ಕೆ ಶೇ. 66.2ರಷ್ಟು ಪೊರೆಯೇ ಕಾರಣವಾದರೆ, ಶೇ. 7.2ರಷ್ಟಕ್ಕೆ ಪೊರೆಯ ಶಸ್ತ್ರಚಿಕಿತ್ಸೆಯ ತೊಡಕುಗಳು ಕಾರಣವೆಂದು ದಾಖಲಾಗಿದೆ. ಆ ತೊಡಕುಗಳೆಲ್ಲ ಕಾರ್ನಿಯಾದವೇ ಅಲ್ಲ, ನಿಜ. ಆದರೆ ಕಾರ್ನಿಯಾ ಕೆಟ್ಟವರಿಗೆ ಉಳಿಯುವ ದಾರಿ ದಾನಿಯ ಕಣ್ಣಿನದು ಮಾತ್ರ. ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, 2021ರ ಅಕ್ಟೋಬರಿನಲ್ಲಿ, ಅವರ ಎರಡು ಕಾರ್ನಿಯಾಗಳ ಹೊರಪದರವನ್ನು ಇಬ್ಬರಿಗೆ, ಒಳಪದರವನ್ನು ಇನ್ನಿಬ್ಬರಿಗೆ ಕಸಿ ಮಾಡಿದ್ದನ್ನು ಓದಿದ್ದೇವೆ. ಆ ಒಳಪದರವೆಂದರೆ ಇಲ್ಲಿ ಹೇಳುತ್ತಿರುವ ಎಂಡೋಥೀಲಿಯಮ್ಮೇ. ಹುಬ್ಬಳ್ಳಿಯಲ್ಲಿ ನೇತ್ರಬ್ಯಾಂಕ್ ಇದೆ, ಕಸಿ ಮಾಡುವ ಕೈಗಳೂ ಇವೆ. ದಾನವಾಗಿ ಬರುವ ಕಣ್ಣುಗಳು ಬೇಡಿಕೆಯ ಹತ್ತಿರಕ್ಕೂ ಬರುವುದಿಲ್ಲ.

ಸದ್ಯಕ್ಕೆ ಮಾಡಬಹುದಾದ ಕೆಲಸವೆಂದರೆ ಅಪಾಯದಲ್ಲಿರುವ ಕಣ್ಣುಗಳನ್ನು ಮೊದಲೇ ಗುರುತಿಸುವುದು. ಸ್ಪೆಕ್ಯುಲರ್ ಮೈಕ್ರೋಸ್ಕೋಪ್ ಕಣ್ಣನ್ನು ಮುಟ್ಟದೆ ಒಂದೆರಡು ನಿಮಿಷದಲ್ಲಿ ಕೋಶಗಳನ್ನು ಎಣಿಸಿಕೊಡುತ್ತದೆ. ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗಳಿಗೆ ಅದು ಹೊಸತಲ್ಲ, ಶಿಬಿರದ ರೋಗಿಗಳಿಗೆ ಮಾತ್ರ ಆ ಪರೀಕ್ಷೆ ಸಿಗುವುದು ಅಪರೂಪ. ಎಲ್ಲರಿಗೂ ಮಾಡುವುದು ಆಗದ ಮಾತಾದರೂ, ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಂದವರಲ್ಲಿ ಮೊದಲ ಕಣ್ಣು ವಾರಗಟ್ಟಲೆ ಮಂಜಾಗಿದ್ದರೆ, ಬೆಳಿಗ್ಗೆ ಎದ್ದಾಗ ಮಸುಕಾಗಿದ್ದು ಮಧ್ಯಾಹ್ನಕ್ಕೆ ತಿಳಿಯಾಗುತ್ತಿದ್ದರೆ, ಸಕ್ಕರೆ ಕಾಯಿಲೆ ಹತ್ತು ವರ್ಷ ದಾಟಿದ್ದರೆ, ಅಂಥವರನ್ನು ಗದಗ ಅಥವಾ ಹಾವೇರಿಯ ಶಿಬಿರದಲ್ಲೇ ಬೇರೆ ಮಾಡಿ, ಎಣಿಕೆಗೆ ಹುಬ್ಬಳ್ಳಿಗೆ ಕಳಿಸುವುದು ಕಷ್ಟವಲ್ಲ. ಬೆಳಗಿನ ಮಸುಕು ಕೋಶಗಳು ಸೋಲುತ್ತಿರುವುದರ ಮೊದಲ ಸೂಚನೆ: ರಾತ್ರಿ ರೆಪ್ಪೆ ಮುಚ್ಚಿದ್ದಾಗ ಕಾರ್ನಿಯಾದ ನೀರು ಆರುವುದಿಲ್ಲ, ಕಣ್ಣು ತೆರೆದು ಗಾಳಿ ತಾಗಿದ ಮೇಲೆ ಆರುತ್ತದೆ. ಇದನ್ನು ಕೇಳಿ ತಿಳಿಯಲು ಯಾವ ಯಂತ್ರವೂ ಬೇಡ, ಹೆಸರು ಬರೆದುಕೊಳ್ಳುವ ಆಶಾ ಕಾರ್ಯಕರ್ತೆಯೂ ಕೇಳಬಹುದು.